ಇಟಲಿಯ ಬೆಟ್ಟದ ಊರುಗಳು: ಯಾವುದನ್ನು ನೋಡಬೇಕು?

ನಮ್ಮಲ್ಲಿ ಓದಿ ಈಗ ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಮೊದಲು ಫೋನ್ ಮಾಡಿದ್ದ. "ಸರ್, ಐದು ದಿನ ರಜೆ ಇದೆ. ಬಾಡಿಗೆ ಕಾರಿನಲ್ಲಿ ಇಟಲಿಯ ಬೆಟ್ಟದ ಊರುಗಳನ್ನು ನೋಡಬೇಕೆಂದಿದ್ದೇನೆ. ಪಟ್ಟಿಯಲ್ಲಿ ಇಪ್ಪತ್ತು ಊರುಗಳಿವೆ. ಯಾವುದನ್ನು ಬಿಡಲಿ?" ಎಂದು ಕೇಳಿದ. ನಾನು ಇಟಲಿಗೆ ಹೋದವನಲ್ಲ, ಪುಸ್ತಕಗಳಲ್ಲಿ ಓದಿದ್ದಷ್ಟೇ. ಆದರೂ ಒಂದು ಮಾತು ಹೇಳಿದೆ: "ದಿನಕ್ಕೆ ನಾಲ್ಕು ಊರು ನೋಡಿದರೆ ನಾಲ್ಕೂ ಒಂದೇ ರೀತಿ ಕಾಣುತ್ತವೆ. ಒಂದು ಊರಿಗೆ ಒಂದು ಪ್ರಶ್ನೆ ಇಟ್ಟುಕೊಂಡು ಹೋಗು. ಪ್ರಶ್ನೆ ಹುಟ್ಟದ ಊರನ್ನು ಪಟ್ಟಿಯಿಂದ ತೆಗೆದುಬಿಡು."

ಮೊದಲನೆಯ ಪ್ರಶ್ನೆ, ಜನ ಬೆಟ್ಟ ಹತ್ತಿದ್ದಾದರೂ ಏಕೆ? ಶತ್ರುಗಳ ಭಯ ಒಂದು ಕಾರಣ. ತಗ್ಗು ಪ್ರದೇಶದ ಜ್ವರ ಇನ್ನೊಂದು. 'ಮಲೇರಿಯಾ' ಎಂಬುದು ಇಟಾಲಿಯನ್ ಮೂಲದ ಪದ, 'ಕೆಟ್ಟ ಗಾಳಿ' ಎಂದು ಅದರ ಅರ್ಥ. ಸೊಳ್ಳೆಯ ಪಾತ್ರ ತಿಳಿಯದ ಕಾಲದಲ್ಲಿ ಜೌಗಿನಿಂದ ದೂರವಿರಲು ಜನ ಎತ್ತರವನ್ನು ಆರಿಸಿಕೊಂಡರು. ಹಾಗೆ ಹತ್ತಿದವರ ಕಥೆ ಎಲ್ಲೆಡೆ ಒಂದೇ ರೀತಿ ಮುಗಿಯಲಿಲ್ಲ. ಅದನ್ನು ತೋರಿಸುವ ನಾಲ್ಕು ಊರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಅವನಿಗೆ ಸೂಚಿಸಿದೆ.

ಟಸ್ಕನಿಯ ಸ್ಯಾನ್ ಜಿಮಿಗ್ನಾನೊ ಮೊದಲನೆಯದು. ರೋಮಿಗೆ ಹೋಗುವ ಯಾತ್ರಿಕರ ದಾರಿಯಲ್ಲಿದ್ದ ಈ ಊರು ವ್ಯಾಪಾರದಿಂದ, ಅದರಲ್ಲೂ ಕೇಸರಿಯಿಂದ ಶ್ರೀಮಂತವಾಯಿತು. ಶ್ರೀಮಂತ ಮನೆತನಗಳು ಪೈಪೋಟಿಯಿಂದ ಗೋಪುರಗಳನ್ನು ಕಟ್ಟಿದವು. ಒಂದು ಕಾಲಕ್ಕೆ 72 ಗೋಪುರಗಳಿದ್ದವೆಂದು ಹೇಳುತ್ತಾರೆ. ಈಗ ಉಳಿದಿರುವುದು 14ರ ಆಸುಪಾಸು. 1348ರ ಮಹಾಪ್ಲೇಗ್ ಊರಿನ ಬೆನ್ನೆಲುಬು ಮುರಿಯಿತು. 1353ರಲ್ಲಿ ಅದು ಫ್ಲಾರೆನ್ಸ್ ನಗರಕ್ಕೆ ಶರಣಾಯಿತು. ಆ ಮೇಲೆ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಯಾರಲ್ಲೂ ಹಣವಿರಲಿಲ್ಲ. ಇಂದು ಪ್ರವಾಸಿಗರು ಮೆಚ್ಚುವ ಸೌಂದರ್ಯವನ್ನು ಉಳಿಸಿದ್ದು ಬಡತನ!

ಎರಡನೆಯದು ಓರ್ವಿಯೆತೊ. ಜ್ವಾಲಾಮುಖಿಯ ಮೆದುಕಲ್ಲಿನ ಕಡಿದಾದ ಬಂಡೆಯ ಮೇಲೆ ಈ ಊರಿದೆ. ಇಲ್ಲಿನ ಪ್ರಶ್ನೆ ನೀರು. ಕೋಟೆ ಎಷ್ಟೇ ಭದ್ರವಾಗಿದ್ದರೂ ನೀರಿಲ್ಲದಿದ್ದರೆ ಮುತ್ತಿಗೆಯಲ್ಲಿ ಎಷ್ಟು ದಿನ ನಿಂತೀತು? 1527ರಲ್ಲಿ ಚಕ್ರವರ್ತಿಯ ಸೈನಿಕರು ರೋಮನ್ನು ಲೂಟಿ ಮಾಡಿದಾಗ ಪೋಪ್ ಏಳನೆಯ ಕ್ಲೆಮೆಂಟ್ ಇಲ್ಲಿಗೆ ಬಂದು ಆಶ್ರಯ ಪಡೆದರು. ಬಂಡೆಯಲ್ಲಿ ಬಾವಿ ತೋಡಿಸುವ ಕೆಲಸವನ್ನು ಕಿರಿಯ ಆಂಟೋನಿಯೊ ದಾ ಸಂಗಾಲ್ಲೊ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದರು. ಬಾವಿಯ ಆಳ 50 ಮೀಟರಿಗೂ ಹೆಚ್ಚು. ಅದರ ಸುತ್ತ ಒಂದರ ಮೇಲೊಂದು ಸುರುಳಿಯಾಗಿ ಸುತ್ತುವ ಎರಡು ಮೆಟ್ಟಿಲು ದಾರಿಗಳಿವೆ, ಒಂದೊಂದರಲ್ಲೂ 248 ಅಗಲ ಮೆಟ್ಟಿಲುಗಳು. ನೀರು ತರುವ ಹೇಸರಗತ್ತೆಗಳು ಒಂದು ದಾರಿಯಲ್ಲಿ ಇಳಿದು, ತಳದ ಸೇತುವೆ ದಾಟಿ, ಇನ್ನೊಂದರಲ್ಲಿ ಹತ್ತುತ್ತಿದ್ದವು. ಎಲ್ಲಿಯೂ ಎದುರುಬದುರಾಗುತ್ತಿರಲಿಲ್ಲ. ಕೆಲಸ ಮುಗಿದದ್ದು 1537ರಲ್ಲಿ. ಕ್ಲೆಮೆಂಟ್ 1534ರಲ್ಲೇ ತೀರಿಕೊಂಡಿದ್ದರು. ಬಾವಿ ತೋಡಿಸಿದವರು ಅದರ ನೀರು ಕುಡಿಯಲಿಲ್ಲ, ಊರು ಕುಡಿಯಿತು.

ಓರ್ವಿಯೆತೊದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ ಚಿವಿತಾ ದಿ ಬಾನ್ಯೊರೆಜೊ. ಇಲ್ಲಿ ಶತ್ರು ಕಾಲ ಕೆಳಗಿನ ಮಣ್ಣೇ. ಮೇಲೆ ಮೆದುಕಲ್ಲು, ಕೆಳಗೆ ಜೇಡಿಮಣ್ಣು. ಮಳೆ ಮತ್ತು ಹೊಳೆಗಳು ಜೇಡಿಯನ್ನು ಕೊರೆದಂತೆ ಬಂಡೆಯ ಅಂಚು ಕುಸಿಯುತ್ತದೆ. 1695ರ ಭೂಕಂಪದ ನಂತರ ಬಹಳ ಜನ ಊರು ಬಿಟ್ಟರು. ಇಂದು ಕಾಯಂ ವಾಸಿಗಳು ಬೆರಳೆಣಿಕೆಯಷ್ಟೇ. ಕಾಲುಸೇತುವೆಯ ಮೇಲೆ ನಡೆದೇ ಹೋಗಬೇಕು. ಕಾರಿನ ವಿಷಯ ಬಂದದ್ದರಿಂದ ಹೇಳುತ್ತೇನೆ: ಇಟಲಿಯ ಅನೇಕ ಹಳೆಯ ಊರುಗಳ ಒಳಗೆ ಹೊರಗಿನವರ ವಾಹನಗಳಿಗೆ ಪ್ರವೇಶವಿಲ್ಲ. ಕ್ಯಾಮೆರಾ ಚಿತ್ರ ತೆಗೆಯುತ್ತದೆ, ದಂಡದ ಕಾಗದ ಮನೆಗೆ ಬರುತ್ತದೆ. ಕಾರನ್ನು ಗೋಡೆಯ ಹೊರಗೆ ನಿಲ್ಲಿಸುವುದೇ ಕ್ಷೇಮ.

ನಾಲ್ಕನೆಯ ಊರಿಗೆ ಹಲವು ಗಂಟೆ ಕಾರು ಓಡಿಸಬೇಕು. ಅದು ಆಗ್ನೇಯದ ಪುಗ್ಲಿಯಾ ಪ್ರಾಂತದ ಲುಚೇರಾ. ವಿದ್ಯಾರ್ಥಿಯ ಪಟ್ಟಿಯಲ್ಲಿ ಈ ಹೆಸರೇ ಇರಲಿಲ್ಲ. ಸಿಸಿಲಿ ದ್ವೀಪದಲ್ಲಿ ಮುಸ್ಲಿಮರ ಆಳ್ವಿಕೆ ಮುಗಿದ ಮೇಲೂ ಅಲ್ಲಿ ಮುಸ್ಲಿಂ ರೈತರು, ಕುಶಲಕರ್ಮಿಗಳು ಉಳಿದಿದ್ದರು. ಅವರು ದಂಗೆಯೆದ್ದಾಗ ಚಕ್ರವರ್ತಿ ಎರಡನೆಯ ಫ್ರೆಡರಿಕ್ 1220ರ ದಶಕದಿಂದ ಅವರನ್ನು ಸಾವಿರಾರು ಸಂಖ್ಯೆಯಲ್ಲಿ ಈ ದೂರದ ಗುಡ್ಡಕ್ಕೆ ಸಾಗಿಸಿದ. ಗಡೀಪಾರಾಗಿ ಬಂದವರು ಹೊಲ ಉತ್ತರು, ಮಸೀದಿ ಕಟ್ಟಿದರು, ಚಕ್ರವರ್ತಿಯ ಸೈನ್ಯದಲ್ಲಿ ಬಿಲ್ಲುಗಾರರಾದರು. 1261ರಲ್ಲಿ ಸುಲ್ತಾನ್ ಬೈಬರ್ಸ್‌ನ ರಾಯಭಾರಿಯಾಗಿ ಫ್ರೆಡರಿಕನ ಮಗ ಮ್ಯಾನ್‌ಫ್ರೆಡ್‌ನಲ್ಲಿಗೆ ಬಂದ ಇತಿಹಾಸಕಾರ ಇಬ್ನ್ ವಾಸಿಲ್ ಈ ಊರಿನ ಬಗ್ಗೆ ಬರೆದಿದ್ದಾನೆ. ಇಲ್ಲಿ ಜುಮಾ ನಮಾಜು ನಡೆಯುತ್ತಿತ್ತು, ಶಾಸ್ತ್ರಗಳ ಅಧ್ಯಯನಕ್ಕಾಗಿ ಮ್ಯಾನ್‌ಫ್ರೆಡ್ ಒಂದು ವಿದ್ಯಾಲಯವನ್ನು ಕಟ್ಟಿಸತೊಡಗಿದ್ದ ಎಂಬ ಸಂಗತಿಗಳು ಅವನಿಂದಲೇ ತಿಳಿಯುತ್ತವೆ.

1266ರಲ್ಲಿ ಮ್ಯಾನ್‌ಫ್ರೆಡ್ ಯುದ್ಧದಲ್ಲಿ ಮಡಿದ. ರಾಜ್ಯ ಆಂಜು ವಂಶದ ಕೈಸೇರಿತು. ಆ ವಂಶದ ಒಂದನೆಯ ಚಾರ್ಲ್ಸ್ ಗುಡ್ಡದ ತುದಿಗೆ ಭಾರಿ ಕೋಟೆಗೋಡೆ ಹಾಕಿಸಿದ, ಅದು ಇಂದಿಗೂ ನಿಂತಿದೆ. ಅವನ ಮಗ ಎರಡನೆಯ ಚಾರ್ಲ್ಸ್ 1300ರ ಆಗಸ್ಟ್‌ನಲ್ಲಿ ಊರನ್ನೇ ತೆರವು ಮಾಡಿಸಿದ. ನಿವಾಸಿಗಳನ್ನು ಗುಲಾಮರನ್ನಾಗಿ ಮಾರಲಾಯಿತು. ಅದೇ ವರ್ಷ ಆರಂಭವಾದ ದೊಡ್ಡ ಚರ್ಚು ಮಸೀದಿಯಿದ್ದ ಜಾಗದಲ್ಲೇ ಎದ್ದಿತೆಂದು ಹೇಳಲಾಗುತ್ತದೆ.

ಫ್ರೆಡರಿಕನನ್ನು ಧರ್ಮಸಹಿಷ್ಣು ಎಂದು ಹೊಗಳುವವರಿದ್ದಾರೆ. ಆದರೆ ಲುಚೇರಾದ ಜನರಿಗೆ ದೊರೆತದ್ದು ಹಕ್ಕಲ್ಲ, ರಾಜನ ಕೃಪೆ. ರಾಜವಂಶ ಬದಲಾಯಿತು, ಕೆಲವು ಕಾಲದ ಮೇಲೆ ಕೃಪೆಯೂ ಮುಗಿಯಿತು. ಸ್ಯಾನ್ ಜಿಮಿಗ್ನಾನೊವನ್ನು ಬಡತನ ಉಳಿಸಿತು, ಓರ್ವಿಯೆತೊಗೆ ಬಾವಿ ಧೈರ್ಯ ಕೊಟ್ಟಿತು, ಚಿವಿತಾವನ್ನು ಮಣ್ಣು ಕೈಬಿಟ್ಟಿತು. ಲುಚೇರಾದಲ್ಲಿ ಮಾತ್ರ ಗೋಡೆ ಉಳಿಯಿತು, ಆ ಜನ ಉಳಿಯಲಿಲ್ಲ. ಎತ್ತರದ ಗುಡ್ಡ, ಗಟ್ಟಿ ಗೋಡೆ ಹೊರಗಿನ ಶತ್ರುವನ್ನು ತಡೆದಾವು, ಆಳುವವನ ಆಜ್ಞೆಯನ್ನು ತಡೆಯಲಾರವು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಮುಂದೆ ಓದಿಗಾಗಿ, ಉದ್ಯೋಗಕ್ಕಾಗಿ ದೂರದ ದೇಶಗಳಿಗೆ ಹೋಗುವವರು. ಹೋದಾಗ ಚೆಂದದ ಊರುಗಳನ್ನು ಖಂಡಿತ ನೋಡಿ, ಫೋಟೋ ತೆಗೆಯಿರಿ. ಆದರೆ ಪಟ್ಟಿಯಲ್ಲಿ ಇಲ್ಲದ ಒಂದು ಊರಿಗಾಗಿ ಒಂದು ದಿನ ಎತ್ತಿಡಿ. ನಮ್ಮ ವಿದ್ಯಾರ್ಥಿ ಲುಚೇರಾಕ್ಕೆ ಹೋಗಿ ಬಂದ. "ಸರ್, ಗೋಡೆಯ ಒಳಗೆ ಹುಲ್ಲು ಬಿಟ್ಟರೆ ಹೆಚ್ಚೇನೂ ಇಲ್ಲ. ಆದರೂ ಅಲ್ಲೇ ಹೆಚ್ಚು ಹೊತ್ತು ಕೂತಿದ್ದೆ" ಎಂದ. ಅವನು ಇತಿಹಾಸ ಓದಲು ಕಲಿತಿದ್ದಾನೆಂದು ನನಗೆ ಸಂತೋಷವಾಯಿತು.