ಗಾಳ ನೀರಲ್ಲಿ, ಕಟ್ಟಿದವರು ಮನೆಯಲ್ಲಿ: ಇದು ಅಪರಾಧವೇ?

ಸಂಜೆ ಹೊತ್ತಿಗೆ ದಡದ ಮರದ ಬೇರಿಗೆ ಒಂದು ನೈಲಾನ್ ಹಗ್ಗ ಕಟ್ಟಿ, ಇನ್ನೊಂದು ತುದಿಗೆ ಕಲ್ಲು ಬಿಗಿದು ನದಿಗೆ ಇಳಿಸುತ್ತಾರೆ. ಹಗ್ಗದುದ್ದಕ್ಕೂ ಒಂದೆರಡು ಮೊಳಕ್ಕೊಂದರಂತೆ ತುಂಡು ದಾರ, ಪ್ರತಿ ದಾರದ ತುದಿಗೆ ಗಾಳ, ಗಾಳಕ್ಕೆ ಎರೆಹುಳು ಅಥವಾ ಸಣ್ಣ ಮೀನು. ಕಟ್ಟಿದವರು ಮನೆಗೆ ಹೋಗಿ ಮಲಗುತ್ತಾರೆ. ಬೆಳಗಿನ ಜಾವ ಬಂದು ಎಳೆದರೆ ಬಾಳೆ ಮೀನೋ, ಕೊರವವೋ, ಹಾವುಮೀನೋ ಸಿಕ್ಕಿರುತ್ತೆ. ಕೆಲವು ದಿನ ಬರೀ ಹಗ್ಗ.

ಬಲೆಗೆ ದುಡ್ಡಿಲ್ಲದವರ, ತೆಪ್ಪವೂ ಇಲ್ಲದವರ ಮೀನುಗಾರಿಕೆ ಇದು. ಕಾನೂನು ಇದನ್ನು ಹೇಗೆ ನೋಡುತ್ತೆ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಅದೇ ಹಗ್ಗ, ಅದೇ ಗಾಳ; ಆದರೆ ಯಾವ ನೀರಿನಲ್ಲಿ ಇಳಿಸಿದ್ದೀರಿ ಎಂಬುದರ ಮೇಲೆ ಅದು ಕಸುಬೂ ಆಗಬಹುದು, ಸಣ್ಣ ದಂಡದ ತಪ್ಪೂ ಆಗಬಹುದು, ವರ್ಷಗಟ್ಟಲೆ ಜೈಲಿನ ಅಪರಾಧವೂ ಆಗಬಹುದು. ಹಗ್ಗ ಇಳಿಸುವವರಿಗೆ ಈ ವ್ಯತ್ಯಾಸವನ್ನು ಹೇಳುವವರು ಯಾರೂ ಇಲ್ಲ ಎಂಬುದು ನನ್ನ ತಕರಾರು.

ಎಂಜಿನಿಯರಿಂಗ್ ಓದಿದವರಿಗೆ ಒಂದು ಚಾಳಿ ಇರುತ್ತೆ, ಮೊದಲು ಡೆಫಿನಿಷನ್ ನೋಡೋದು. ಇಲ್ಲಿ ಅದು ಉಪಯೋಗಕ್ಕೆ ಬಂತು. ಭಾರತದ ಮೀನುಗಾರಿಕೆ ಕಾನೂನಿನ ಬೇರು ಇರೋದು 1897ರ ಇಂಡಿಯನ್ ಫಿಶರೀಸ್ ಆ್ಯಕ್ಟ್‌ನಲ್ಲಿ. ಅದರಲ್ಲಿ 'ಫಿಕ್ಸ್ಡ್ ಎಂಜಿನ್' ಎಂಬ ಮಾತಿದೆ. ಎಂಜಿನ್ ಅಂದರೆ ಮೋಟಾರು ಅಲ್ಲ. ನೆಲಕ್ಕೆ ನೆಟ್ಟ ಅಥವಾ ಬೇರೆ ಯಾವುದೇ ರೀತಿಯಲ್ಲಿ ಕದಲದಂತೆ ಮಾಡಿದ ಬಲೆ, ಪಂಜರ, ಬೋನು ಅಥವಾ ಮೀನು ಹಿಡಿಯುವ ಇನ್ನಾವುದೇ ಸಾಧನ. ಬೇರಿಗೆ ಕಟ್ಟಿ ಕಲ್ಲು ಬಿಗಿದ ಗಾಳದ ಹಗ್ಗ ಈ 'ಇನ್ನಾವುದೇ'ಯೊಳಗೆ ಬರುತ್ತೆ ಅಂತಲೇ ನನ್ನ ಓದು. ಹಾಗಂತ ಅದನ್ನು ಆ ಕಾಯ್ದೆ ನೇರವಾಗಿ ನಿಷೇಧಿಸಿಲ್ಲ. ನೇರ ನಿಷೇಧ ಇರೋದು ಡೈನಮೈಟ್‌ನಂಥ ಸ್ಫೋಟಕಕ್ಕೆ ಮತ್ತು ವಿಷಕ್ಕೆ. ನೆಟ್ಟ ಸಾಧನಗಳನ್ನು ನಿಯಂತ್ರಿಸುವ, ಬೇಕಿದ್ದರೆ ನಿಷೇಧಿಸುವ ನಿಯಮ ಮಾಡೋದನ್ನು ರಾಜ್ಯ ಸರ್ಕಾರಗಳಿಗೆ ಬಿಟ್ಟಿತು. ಆ ನಿಯಮ ಮುರಿದರೆ ದಂಡ ಎಷ್ಟು ಗೊತ್ತಾ? ನೂರು ರೂಪಾಯಿವರೆಗೆ. ಮುರಿಯುತ್ತಲೇ ಇದ್ದರೆ ದಿನಕ್ಕೆ ಹತ್ತು ರೂಪಾಯಿವರೆಗೆ. ಸಾಧನವನ್ನೂ ಮೀನನ್ನೂ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶ ಇದೆ. ಬಡವನಿಗೆ ನಿಜವಾದ ಶಿಕ್ಷೆ ಅದೇ.

ಸಂವಿಧಾನದಲ್ಲೂ ಮೀನುಗಾರಿಕೆ ರಾಜ್ಯಪಟ್ಟಿಯ 21ನೇ ವಿಷಯ. ಹಾಗಾಗಿ ಕರ್ನಾಟಕ ತನ್ನದೇ ಕಾಯ್ದೆಗಳನ್ನು ಮಾಡಿಕೊಂಡಿದೆ: ಕಡಲಿಗೆ 1986ರದ್ದು, ಒಳನಾಡಿಗೆ 1996ರದ್ದು. ಒಳನಾಡಿನಲ್ಲಿ ವ್ಯವಹಾರ ನಡೆಯೋದು ಲೈಸೆನ್ಸ್ ಮತ್ತು ಗುತ್ತಿಗೆಯ ಮೇಲೆ. ನದಿ, ಜಲಾಶಯಗಳಲ್ಲಿ ಹಿಡಿಯಲು ಲೈಸೆನ್ಸ್ ಬೇಕು. ಕೆರೆಗಳನ್ನು ಮೀನುಗಾರರ ಸಹಕಾರ ಸಂಘಕ್ಕೋ ಹರಾಜಿನಲ್ಲಿ ಗೆದ್ದವರಿಗೋ ಗುತ್ತಿಗೆ ಕೊಡುತ್ತಾರೆ. ಗುತ್ತಿಗೆದಾರರು ಮರಿ ಬಿಟ್ಟು ಬೆಳೆಸಿದ ಕೆರೆಗೆ ರಾತ್ರಿ ನೀವು ಗಾಳದ ಹಗ್ಗ ಇಳಿಸಿದರೆ ಪ್ರಶ್ನೆ ಮೀನುಗಾರಿಕೆ ಕಾನೂನಿನದ್ದಷ್ಟೇ ಅಲ್ಲ. ಹರಿಯುವ ನದಿಯ ಮೀನು ಯಾರ ಸ್ವಾಧೀನದಲ್ಲೂ ಇಲ್ಲ, ಆದರೆ ಕಟ್ಟೆಯೊಳಗಿನ ಕೆರೆ ಮೀನಿಗೆ ಒಡೆಯರಿರಬಹುದು ಅನ್ನೋದು ನಮ್ಮ ಕೋರ್ಟುಗಳ ಹಳೆಯ ನಿಲುವು. ಅಂದರೆ ಕಳ್ಳತನದ ಕೇಸೂ ಬೀಳಬಹುದು.

ಇನ್ನು ಅದೇ ಹಗ್ಗವನ್ನು ಕಾವೇರಿ ವನ್ಯಜೀವಿ ಧಾಮದ ಒಳಗೆ ಇಳಿಸಿದಿರಿ ಅಂದುಕೊಳ್ಳಿ. ಈಗ ಅನ್ವಯಿಸೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2002ರ ತಿದ್ದುಪಡಿಯ ನಂತರ ಆ ಕಾಯ್ದೆಯ 'ಪ್ರಾಣಿ'ಯೊಳಗೆ ಮೀನೂ ಸೇರಿದೆ. ಧಾಮದಿಂದ ಅನುಮತಿಯಿಲ್ಲದೆ ವನ್ಯಜೀವಿಯನ್ನು ತೆಗೆಯುವಂತಿಲ್ಲ ಅನ್ನುತ್ತೆ 29ನೇ ಕಲಂ. 2022ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಷ್ಟು ಮೀನಿನ ಮಾತಾಯಿತು. ಆದರೆ ರಾತ್ರಿಯೆಲ್ಲ ನೀರಲ್ಲಿ ಬಿದ್ದ ಗಾಳಕ್ಕೆ ಮೀನು ಯಾವುದು, ಆಮೆ ಯಾವುದು, ಮೊಸಳೆ ಮರಿ ಯಾವುದು ಎಂಬ ಭೇದ ಇಲ್ಲ. ಮೊಸಳೆ ಮೊದಲನೇ ಪಟ್ಟಿಯ ಜೀವಿ. ಆ ಪಟ್ಟಿಯ ಪ್ರಾಣಿಯ ಬೇಟೆಗೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. 'ಬೇಟೆ'ಯ ವ್ಯಾಖ್ಯೆಯಲ್ಲಿ ಹಿಡಿಯುವುದು, ಉರುಳು ಹಾಕುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನ ಎಲ್ಲವೂ ಸೇರಿದೆ. ನಾನು ಹಿಡಿಯಲು ಹೊರಟಿದ್ದು ಬಾಳೆ ಮೀನು ಸ್ವಾಮಿ ಅಂತ ಕೋರ್ಟಿನಲ್ಲಿ ವಾದಿಸಬಹುದು. ವಾದಿಸೋಕೆ ವಕೀಲರು ಬೇಕು.

ಗಾಳದ ವಿಷಯದಲ್ಲಿ ಕಾವೇರಿಗೆ ಇನ್ನೊಂದು ಕತೆಯೂ ಇದೆ. ಭೀಮೇಶ್ವರಿ, ದೊಡ್ಡಮಕಳಿ, ಗಾಲಿಬೋರೆಯ ಕ್ಯಾಂಪುಗಳಲ್ಲಿ ವಿದೇಶಿಯರೂ ಶ್ರೀಮಂತರೂ ದುಡ್ಡು ಕೊಟ್ಟು, ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿ ಮಹಶೀರ್ ಹಿಡಿದು, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದರು. ಕಳೆದ ದಶಕದ ಶುರುವಿನಲ್ಲಿ, ಅಭಯಾರಣ್ಯದೊಳಗೆ ಇದೂ ಬೇಟೆಯೇ ಎಂಬ ಓದಿನ ಮೇಲೆ ಅದು ನಿಂತಿತು. ಕ್ಯಾಂಪುಗಳಿದ್ದಾಗ ಕಾವಲು ಇತ್ತು, ನಿಂತ ಮೇಲೆ ಡೈನಮೈಟಿನವರಿಗೆ ಹಬ್ಬವಾಯಿತು ಎಂಬುದು ಗಾಳಪ್ರಿಯರ ವಾದ. ಆ ವಾದದಲ್ಲಿ ಸ್ವಹಿತ ಇದೆ, ಆದರೆ ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. 2018ರಲ್ಲಿ ಐಯುಸಿಎನ್ ಕಾವೇರಿಯ ಡುಬ್ಬದ ಮಹಶೀರನ್ನು ಅಳಿವಿನಂಚಿನ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿತು. ಈ ಮೀನಿಗೆ ಕಾಯುವವರು ಇಲ್ಲದ ಗಾಳ ಅಂದರೆ ಬಿಡುವ ಅವಕಾಶವೇ ಇಲ್ಲದ ಗಾಳ.

ಕಾಯುವವರು ಇರುವುದು, ಇಲ್ಲದಿರುವುದು. ಮುಖ್ಯವಾದ ಈ ವಿಷಯದಲ್ಲಿ 1897ರ ವ್ಯಾಖ್ಯೆ ಮೌನ. ಅದು ಕೇಳೋದು ಸಾಧನ ಕದಲುತ್ತಾ ಇಲ್ಲವಾ ಅಂತ. ಆ ಕಾಯ್ದೆ ಬಂದ ಇಂಗ್ಲೆಂಡ್‌ನಲ್ಲಿ ಮಾತ್ರ ಪ್ರಶ್ನೆಯನ್ನು ನೇರವಾಗಿ ಕೇಳಿದ್ದಾರೆ. ಅಲ್ಲಿನ 1975ರ ಸಾಲ್ಮನ್ ಮತ್ತು ಸಿಹಿನೀರು ಮೀನುಗಾರಿಕೆ ಕಾಯ್ದೆಯಲ್ಲಿ 'ಸೆಟ್ ಲೈನ್' ಅಂದರೆ ಎರೆ ಸಿಕ್ಕಿಸಿದ ಒಂದು ಅಥವಾ ಹೆಚ್ಚು ಗಾಳಗಳಿರುವ, ಯಾರೂ ಕಾಯದೆ ನೀರಲ್ಲಿ ಬಿಟ್ಟ ದಾರ. ಒಂದೇ ಗಾಳ ಇದ್ದರೂ ತಪ್ಪು. ದಡದಿಂದ ದಡಕ್ಕೆ ಕಟ್ಟುವ ದಾರಕ್ಕೂ ಪ್ರತ್ಯೇಕ ನಿಷೇಧ. ಅಮೆರಿಕದ ಮಿಸೌರಿ ಬೇರೆ ದಾರಿ ಹಿಡಿದಿದೆ: ಬಹುಗಾಳದ ಹಗ್ಗ ಕಟ್ಟಿ, ಆದರೆ ಅದರ ಮೇಲೆ ನಿಮ್ಮ ಗುರುತು ಇರಬೇಕು, 24 ಗಂಟೆಗೊಮ್ಮೆಯಾದರೂ ಬಂದು ನೋಡಬೇಕು, ಒಬ್ಬರಿಗೆ ಇಷ್ಟೇ ಗಾಳ. ಟೆಕ್ಸಸ್‌ನ ಸಿಹಿನೀರಿನಲ್ಲಿ ಒಂದು ಹಗ್ಗಕ್ಕೆ 50 ಗಾಳ ಮಿತಿ.

ಎರಡರಲ್ಲಿ ನನಗೆ ಇಷ್ಟವಾಗೋದು ಮಿಸೌರಿಯದ್ದು. ಇಂಗ್ಲೆಂಡ್ ನಿಷೇಧಿಸಿದ್ದು ಮುಖ್ಯವಾಗಿ ಸಾಲ್ಮನ್ ಮೇಲೆ ಹಕ್ಕಿದ್ದವರ ನದಿಗಳಲ್ಲಿ ಕದ್ದು ಹಿಡಿಯುವವರನ್ನು ತಡೆಯೋಕೆ. ಇಲ್ಲಿ ಸಂಜೆ ಕಟ್ಟಿ ಬೆಳಿಗ್ಗೆ ಎಳೆಯುವವರು ಕಳ್ಳರಲ್ಲ, ಬೆಸ್ತರು, ಗಂಗಾಮತಸ್ಥರು, ಹೊಳೆದಂಡೆಯ ಕೂಲಿಯವರು. ಪೂರ್ತಿ ನಿಷೇಧಿಸಿದರೆ ಸಿಕ್ಕಿಬೀಳೋದು ಅವರೇ. ಹಾಗಂತ ಯಾರದ್ದೂ ಅಲ್ಲದ ಹಗ್ಗ ವಾರಗಟ್ಟಲೆ ನೀರಲ್ಲಿ ಬಿದ್ದಿರೋದನ್ನು ಜೀವನೋಪಾಯ ಅಂತ ಸಮರ್ಥಿಸೋಕೆ ಆಗಲ್ಲ. ಎರೆ ಮುಗಿದ ಗಾಳ ಹರಿದ ಬಲೆಯಷ್ಟು ಕೊಲ್ಲೋದಿಲ್ಲ ನಿಜ, ಆದರೆ ಆಮೆಯ ಕಾಲಿಗೆ, ನೀರುನಾಯಿಯ ಬಾಯಿಗೆ, ಈಜಲು ಇಳಿದ ಹುಡುಗರ ಪಾದಕ್ಕೆ ಚುಚ್ಚುತ್ತೆ.

ಕಡಲಿನಲ್ಲಿ ಈ ಲೆಕ್ಕ ಎಷ್ಟೋ ಮುಂದಿದೆ. ಟ್ಯೂನಾ ಹಡಗುಗಳು ಮೈಲುಗಟ್ಟಲೆ ಹಗ್ಗಕ್ಕೆ ಸಾವಿರಾರು ಗಾಳ ಬಿಡುತ್ತವೆ. ಭಾರತವೂ ಸದಸ್ಯನಾಗಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ನಿಯಮದಂತೆ ಅವುಗಳ ತುದಿಯಲ್ಲಿ ಹಗಲು ಬಾವುಟ ಅಥವಾ ರೇಡಾರ್‌ಗೆ ಕಾಣುವ ತೇಲುಬುರುಡೆ, ರಾತ್ರಿ ದೀಪ ಇರಬೇಕು. ಬಲೆ, ಗಾಳಗಳಿಗೆ ಗುರುತು ಹಾಕುವ ಬಗ್ಗೆ ಎಫ್‌ಎಒ ಮಾರ್ಗಸೂಚಿ 2018ರಲ್ಲೇ ಬಂದಿದೆ.

ನಮ್ಮ ಹೊಳೆಗಳಿಗೆ ದೀಪ ಬೇಡ. ಲೈಸೆನ್ಸ್ ಕೊಡುವಾಗಲೇ ಮೀನುಗಾರಿಕೆ ಇಲಾಖೆ ನಂಬರ್ ಕೊರೆದ ಒಂದು ಬಿಲ್ಲೆ ಕೊಡಲಿ, ಹಗ್ಗಕ್ಕೆ ಅದನ್ನು ಕಟ್ಟಲಿ. ದಿನಕ್ಕೊಮ್ಮೆ ಎಳೆದು ನೋಡಬೇಕು ಅಂತ ಕನ್ನಡದಲ್ಲಿ ಒಂದು ಸಾಲು ಲೈಸೆನ್ಸ್‌ನ ಹಿಂದೆ ಅಚ್ಚಾಗಲಿ. ಧಾಮದ ಗಡಿ ಎಲ್ಲಿಂದ ಶುರು ಅಂತ ದಡದಲ್ಲಿ ಒಂದು ಬೋರ್ಡು ನಿಲ್ಲಲಿ. ಅಲ್ಲಿಯವರೆಗೆ, ನದಿಯಲ್ಲಿ ಇಂಥ ಹಗ್ಗ ಕಂಡರೆ ಹೀರೋಗಿರಿ ಮಾಡಿ ಕತ್ತರಿಸಬೇಡಿ. ಕತ್ತರಿಸಿದ ತುಂಡು ಗಾಳಗಳ ಸಮೇತ ನೀರಲ್ಲೇ ಉಳಿಯುತ್ತೆ, ಇನ್ನೊಬ್ಬರ ಸೊತ್ತು ಹಾಳುಮಾಡಿದ ಆರೋಪ ನಿಮ್ಮ ಮೇಲೆ ಬರಬಹುದು. ಜಾಗ ಗುರುತು ಮಾಡಿಕೊಳ್ಳಿ. ಧಾಮದ ಒಳಗಿದ್ದರೆ ಅರಣ್ಯ ಇಲಾಖೆಗೆ ಹೇಳಿ, ಹೊರಗಿದ್ದರೆ ಮೊದಲು ಹತ್ತಿರದ ಊರಲ್ಲಿ ಯಾರದ್ದು ಅಂತ ಕೇಳಿ. ಬೆಳಗಾಗುವಷ್ಟರಲ್ಲಿ ಅವರು ಬರುವವರೇ ಇರಬಹುದು.