ಬೆನ್ನಿನ ಬರಹ: ಸೇಲಂ–ಧರ್ಮಪುರಿ ಸೀಮೆಯ ಕನ್ನಡ ಮನೆಗಳ ಹಳೆಯ ಫೋಟೋಗಳನ್ನು ಡಿಜಿಟಲ್ ಮಾಡುವಾಗ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಸರಿಯಾಗಿ ಕೇಳ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ಶೀರ್ಷಿಕೆ ನೋಡಿ ಇದು ಕ್ಯಾಮೆರಾ ಪಾಠ ಅಂತ ಕೆಲವರಿಗೆ ಅನ್ನಿಸಿರಬಹುದು. ಕ್ಯಾಮೆರಾ ವಿಷಯನೂ ಬರತ್ತೆ. ಆದರೆ ನನ್ನ ಪ್ರಶ್ನೆ ಚರಿತ್ರೆಯದು. ಗೋಡೆಗೆ ನೇತುಹಾಕಿದ ಮನೆಯ ಫೋಟೋ ಯಾವಾಗ ಚರಿತ್ರೆಯ ದಾಖಲೆ ಆಗತ್ತೆ? ಅದನ್ನ ಒಳ್ಳೆ ಕ್ಯಾಮೆರಾದಲ್ಲಿ ನಕಲು ತೆಗೆದ ಕೂಡಲೇ ಆಗತ್ತಾ? ಆಗಲ್ಲ ಅನ್ನೋದು ನನ್ನ ವಾದ. ಫೋಟೋದ ಮುಂಭಾಗ, ಅದರ ಬೆನ್ನು, ಅದನ್ನ ಗುರುತಿಸಿ ಹೇಳುವವರ ದನಿ, ಈ ಮೂರೂ ಒಟ್ಟಿಗೆ ಸಿಕ್ಕಿದ್ರೆ ಮಾತ್ರ ಅದು ದಾಖಲೆ. ಇಲ್ಲದಿದ್ರೆ ಅದು ಹೆಸರಿಲ್ಲದ ಮುಖಗಳ ರಾಶಿ.

ಮೊದಲು ಸೀಮೆಯ ಬಗ್ಗೆ. 9ನೇ ಶತಮಾನದ ನೊಳಂಬರ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ಸಿಕ್ಕಿವೆ. ಹಾಗಾಗಿ ಇಲ್ಲಿ ಕನ್ನಡ ನಿನ್ನೆ ಮೊನ್ನೆ ಬಂದಿದ್ದಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲನ್ನೂ ಸೇಲಂ ಕಡೆಯ ಪ್ರದೇಶವನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಬೇಕಾಯ್ತು. ಹೊಸೂರು ಕಡೆಯ ಮೇಲುನಾಡು ಕಂಪನಿಗೆ ಸೇರಿದ್ದು 1799ರಲ್ಲಿ. 1956ರ ನವೆಂಬರ್ 1ರಂದು ಭಾಷೆ ಪ್ರಕಾರ ರಾಜ್ಯಗಳಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳೀತು. ಆಗ ಅದು ಸೇಲಂ ಜಿಲ್ಲೆ. 1965ರ ಅಕ್ಟೋಬರ್ 2ಕ್ಕೆ ಧರ್ಮಪುರಿ ಬೇರೆ ಜಿಲ್ಲೆಯಾದಾಗ ಹೊಸೂರು, ಕೃಷ್ಣಗಿರಿ ಎರಡೂ ಅದಕ್ಕೆ ಸೇರಿದವು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯ್ತು. ಅಂದ್ರೆ ಡೆಂಕಣಿಕೋಟೆ ಹತ್ತಿರದ ಒಂದು ಮನೆ, ಇದ್ದ ಜಾಗದಿಂದ ಒಂದು ಗೇಣೂ ಅಲ್ಲಾಡದೆ, ಮೂರು ಜಿಲ್ಲೆ ಕಂಡಿದೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಉಪಯೋಗಕ್ಕೆ ಬರತ್ತೆ.

ಈ ಸೀಮೆಗೆ ಕ್ಯಾಮೆರಾ ಬೇಗನೇ ಬಂತು. ಮದ್ರಾಸ್ ಸರ್ಕಾರದ ಅಧಿಕೃತ ಛಾಯಾಗ್ರಾಹಕನಾಗಿದ್ದ ಲಿನ್ನಿಯಸ್ ಟ್ರೈಪ್ 1858ರಲ್ಲಿ ಹೊರತಂದ ಸಂಪುಟಗಳಲ್ಲಿ ಒಂದು ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ಇತರ ಸ್ಥಳಗಳದ್ದು. ಆತ ಮೇಣ ಸವರಿದ ಕಾಗದದ ನೆಗೆಟಿವ್ ಬಳಸ್ತಿದ್ದ. ಸರ್ಕಾರಕ್ಕೆ ಬೇಕಾಗಿದ್ದು ಸ್ಥಳಗಳ ನೋಟ, ಅಲ್ಲಿನ ಮನೆಯವರ ಮುಖ ಅಲ್ಲ. ಮುಖಗಳು ಸಿಗೋದು ಆಮೇಲೆ ಪೇಟೆಗಳಲ್ಲಿ ಸ್ಟುಡಿಯೋ ತೆರೆದ ಮೇಲೆ: ಬಣ್ಣ ಬಳಿದ ಪರದೆ, ಒಂದು ಕುರ್ಚಿ, ಪಕ್ಕದಲ್ಲಿ ಹೂದಾನಿ, ಮದುವೆಯಾದ ಹೊಸದರಲ್ಲಿ ಬಂದು ನಿಂತ ಗಂಡ ಹೆಂಡ್ತಿ. ಪುದುಚೇರಿಯ ಫ್ರೆಂಚ್ ಸಂಸ್ಥೆ, ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ ನೆರವಿನಿಂದ, ತಮಿಳುನಾಡಿನ ಇಂಥ ಸ್ಟುಡಿಯೋ ಫೋಟೋಗಳನ್ನ ಡಿಜಿಟಲ್ ಮಾಡಿದೆ. ಆ ಕೆಲಸದಿಂದ ನಾನು ಕಲಿತದ್ದು ಬಹಳ. ನನ್ನ ಪ್ರಶ್ನೆ ಅದರ ಮುಂದಿನದು. ಅದೇ ಥರದ ಸ್ಟುಡಿಯೋದಲ್ಲಿ ಕೂತ ಕನ್ನಡ ಮನೆಮಾತಿನವರ ಫೋಟೋಗೆ ದಾಖಲೆ ಮಾಡುವಾಗ ‘ಭಾಷೆ’ ಅನ್ನೋ ಕಲಂ ಎದುರು ಏನು ಬರೀಬೇಕು?

ಇನ್ನು ನಾನು ಮಾಡಿದ ತಪ್ಪು ಹೇಳ್ತೀನಿ. ನಮ್ಮ ಅಜ್ಜಿ ಮನೆಯಲ್ಲಿ ಒಂದು ಗುಂಪು ಫೋಟೋ ಇತ್ತು, ಕಟ್ಟು ಹಾಕಿಸಿದ್ದು. ಗಾಜಿನ ಮೇಲೆ ಧೂಳು, ಹೊಗೆ. ಗಾಜು ತೆಗೆದು ಚೆನ್ನಾಗಿ ಸ್ಕ್ಯಾನ್ ಮಾಡೋಣ ಅಂತ ಹಿಂದಿನ ಮೊಳೆ ಕಿತ್ತೆ. ಮಳೆಗಾಲದ ತೇವಕ್ಕೆ ಫೋಟೋ ಮೇಲಿನ ಜೆಲಟಿನ್ ಪದರ ಗಾಜಿಗೆ ಅಂಟಿಕೊಂಡಿತ್ತು. ಎಳೆದಾಗ ಹಿಂದಿನ ಸಾಲಲ್ಲಿ ನಿಂತಿದ್ದ ಒಬ್ಬ ಹೆಂಗಸಿನ ಮುಖ ಗಾಜಿನ ಜೊತೆ ಬಂತು. ನಾನು ಬೆವತುಹೋದೆ. ಅಜ್ಜಿ ಮಾತ್ರ, “ಓಗ್ಲಿ ಬುಡಪ್ಪ, ಮಕ ಓದ್ರೆ ಓಯ್ತು, ಎಸ್ರು ನಂಗೆ ಗೊತ್ತೈತಲ್ಲ” ಅಂದ್ರು. ಆ ಹೆಸರನ್ನ ನಾನು ಅವತ್ತೇ ಬರ್ಕೊಳ್ಳಲಿಲ್ಲ. ಎರಡು ತಿಂಗಳು ಬಿಟ್ಟು ಪುಸ್ತಕ ಹಿಡ್ಕೊಂಡು ಹೋದಾಗ ಅಜ್ಜಿ ಅದೇ ಹೆಂಗಸನ್ನ ಒಂದ್ಸಲ ಚಿಕ್ಕಮ್ಮ ಅಂದ್ರು, ಇನ್ನೊಂದ್ಸಲ ದೊಡ್ಡತ್ತೆ ಅಂದ್ರು. ಈಗ ನನ್ನ ದಾಖಲೆಯಲ್ಲಿ ಎರಡೂ ಇವೆ, ಪಕ್ಕದಲ್ಲಿ ‘ಖಚಿತವಿಲ್ಲ’ ಅಂತಿದೆ. ಮುಖ ಕಳೆದದ್ದು ನನ್ನ ಅವಸರದಿಂದ, ಹೆಸರು ಕಳೆದದ್ದು ನನ್ನ ಉದಾಸೀನದಿಂದ. ಇವೆರಡರಲ್ಲಿ ಯಾವುದು ದೊಡ್ಡ ನಷ್ಟ ಅಂತ ಕೇಳಿದ್ರೆ ಎರಡನೇದು ಅಂತೀನಿ.

ಅದಕ್ಕೇ ನಾನು ಸ್ಕ್ಯಾನರ್ ಬಿಟ್ಟು ಕ್ಯಾಮೆರಾ ಹಿಡಿದೆ. ಕ್ಯಾಮೆರಾ ಮನೆಗೆ ಹೋಗತ್ತೆ, ಫೋಟೋ ಮನೆ ಬಿಟ್ಟು ಬರಬೇಕಿಲ್ಲ. ಗಾಜಿಗೆ ಅಂಟಿದ್ದನ್ನ ಕೀಳೋ ಹಾಗಿಲ್ಲ, ಗಾಜಿನ ಮೇಲಿಂದಲೇ ತೆಗೀಬಹುದು. ಪ್ರತಿಬಿಂಬ ಬಾರದ ಹಾಗೆ ಲೆನ್ಸ್ ಸುತ್ತ ಕಪ್ಪು ಬಟ್ಟೆ ಹಿಡಿದ್ರೆ ಸಾಕು. ದೇವರ ಮನೆಯಲ್ಲಿರೋ ಹಿರಿಯರ ಫೋಟೋ ಮೇಲೆ ಕುಂಕುಮ, ಗಂಧ ಇರತ್ತೆ. ಅದನ್ನ ಒರೆಸಬಾರದು. ಆ ಬೊಟ್ಟೂ ದಾಖಲೆಯೇ: ಈ ವ್ಯಕ್ತಿ ಇಲ್ಲ, ಆದ್ರೆ ಈ ಮನೆಯಲ್ಲಿ ಇನ್ನೂ ಪೂಜೆ ಆಗ್ತಿದೆ ಅಂತ ಅದು ಹೇಳತ್ತೆ.

ವಿಧಾನ ಸರಳ. ಪಡಸಾಲೆಯಲ್ಲಿ ನೇರ ಬಿಸಿಲು ಬೀಳದ ಜಾಗ, ಅಥವಾ ಎರಡೂ ಪಕ್ಕದಿಂದ 45 ಡಿಗ್ರಿ ಕೋನದಲ್ಲಿ ಒಂದೇ ಥರದ ಎರಡು ದೀಪ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೆಳಮುಖವಾಗಿ ಇರಬೇಕು. ಅದು ಫೋಟೋಗೆ ಸಮಾನಾಂತರ ಇದೆಯಾ ಅಂತ ನೋಡೋಕೆ ಫೋಟೋ ಇಡೋ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡ್ರೆ ಸರಿ ಇದೆ. ಐಎಸ್‌ಒ 100, ಅಪರ್ಚರ್ ಎಫ್ 8, ಎರಡು ಸೆಕೆಂಡಿನ ಟೈಮರ್, ರಾ ಫೈಲ್. ಪಕ್ಕದಲ್ಲಿ ಒಂದು ಬೂದು ಕಾರ್ಡು, ಒಂದು ಅಳತೆಪಟ್ಟಿ. 24 ಮೆಗಾಪಿಕ್ಸೆಲ್ ಕ್ಯಾಮೆರಾ 6000×4000 ಬಿಂದುಗಳನ್ನ ಕೊಡತ್ತೆ. 6×4 ಇಂಚಿನ ಫೋಟೋಗೆ ಅದು ಇಂಚಿಗೆ 1000 ಬಿಂದು, 12×10 ಇಂಚಿನದಕ್ಕೆ 400. ಎರಡೂ ಸಾಕು. ಮೂಲ ಪ್ರತಿಯಾಗಿ ಟಿಫ್ ಇಟ್ಟರೆ ಒಂದೊಂದು ಸುಮಾರು 72 ಎಂಬಿ. 300 ಫೋಟೋಗಳನ್ನ ಮುಂದೆ ಹಿಂದೆ ಎರಡೂ ಕಡೆ ತೆಗೆದ್ರೆ 43 ಜಿಬಿ. ಮೂರು ಪ್ರತಿ, ಎರಡು ಥರದ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ.

ಹಿಂದೆ ಯಾಕೆ ತೆಗೀಬೇಕು? ಬೆನ್ನೇ ಕಾಲ ಹೇಳೋದು. ಹೊಸೂರಿನ ವಿಳಾಸದ ಮುದ್ರೆಯಲ್ಲಿ ‘ಸೇಲಂ ಜಿಲ್ಲೆ’ ಅಂತಿದ್ರೆ ಬಹುಶಃ 1965ಕ್ಕೆ ಮುಂಚಿನದು. ತಮಿಳುನಾಡು ಅಂತಿದ್ರೆ 1969ರ ಈಚೆಗೆ, ಯಾಕಂದ್ರೆ ಮದ್ರಾಸ್ ರಾಜ್ಯದ ಹೆಸರು ಬದಲಾದದ್ದು ಆ ವರ್ಷದ ಜನವರಿಯಲ್ಲಿ. ಆರು ಅಂಕಿಯ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ ಆದಮೇಲೆ. ಬೆಲೆ ಆಣೆಯಲ್ಲಿ ಬರೆದಿದ್ರೆ 1957ರ ದಶಮಾಂಶ ನಾಣ್ಯಕ್ಕೆ ಹಿಂದಿನದಿರಬಹುದು. ಕಾಗದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನದು ಅಂತ ಗೊತ್ತಾದ್ರೆ, ಆ ಕಂಪನಿ ಹುಟ್ಟಿದ 1960ಕ್ಕಿಂತ ಹಿಂದೆ ಹೋಗೋ ಹಾಗಿಲ್ಲ. ಒಂದು ಎಚ್ಚರಿಕೆ: ಹಳೇ ರಬ್ಬರ್ ಮುದ್ರೆಯನ್ನ ಸ್ಟುಡಿಯೋದವರು ಸವೆಯೋ ತನಕ ಬಳಸ್ತಾರೆ. ಹಳೇ ಫೋಟೋದ ಮರುಪ್ರತಿಯೂ ಇರತ್ತೆ. ಹಾಗಾಗಿ ಒಂದೇ ಸುಳಿವು ನಂಬಬಾರದು.

ಬೆನ್ನಿನ ಮೇಲೆ ಭಾಷೆಯೂ ಇದೆ. ಸೇಲಂ ನಗರದ ದೇವಾಂಗ ನೇಕಾರರಲ್ಲಿ ಕನ್ನಡ ಮಾತಾಡೋ ಮನೆಗಳಿವೆ, ಓದುಬರಹ ತಮಿಳಲ್ಲಿ. ಹೊಸೂರು ಕಡೆ ಹಿರಿಯರು ಕನ್ನಡದಲ್ಲೋ ತೆಲುಗಲ್ಲೋ ಬರೆದಿಟ್ಟಿರ್ತಾರೆ, ಮೊಮ್ಮಕ್ಕಳು ತಮಿಳು, ಇಂಗ್ಲಿಷ್ ಓದ್ತಾರೆ. 2006ರ ಕಾಯ್ದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ. ತಾತನ ಕೈಬರಹವನ್ನ ಮನೆಯಲ್ಲಿ ಯಾರೂ ಓದಲಾಗದ ಸ್ಥಿತಿ ಹತ್ತಿರದಲ್ಲೇ ಇದೆ. ತಮಿಳು ಲಿಪಿಯಲ್ಲಿ ಪ–ಬ, ಕ–ಗ, ತ–ದಗಳಿಗೆ ಒಂದೊಂದೇ ಅಕ್ಷರ. ಬಸಮ್ಮ ಅನ್ನೋ ಹೆಸರು ತಮಿಳಿಗೆ ಹೋಗಿ ಇಂಗ್ಲಿಷಿಗೆ ಬರೋ ಹೊತ್ತಿಗೆ ಪಸಮ್ಮ ಆಗಿರಬಹುದು. ಚೌಡೇಶ್ವರಿ ಸೌಡೇಶ್ವರಿ ಆಗ್ತಾಳೆ. ತಿದ್ದಿ ಒಂದೇ ರೂಪ ಇಟ್ರೆ ಅನುಕೂಲ, ಆದ್ರೆ ಹಾಗೆ ತಿದ್ದಿದಾಗ ಆ ಮನೆ ಎರಡು ಭಾಷೆಯಲ್ಲಿ ಬದುಕಿದ ಗುರುತೇ ಅಳಿಸಿಹೋಗತ್ತೆ. ಅದಕ್ಕೆ ಮೂರು ಕಲಂ ಮಾಡಿದ್ದೀನಿ: ಬರೆದಿರುವಂತೆ, ಕರೆಯುವಂತೆ, ಹುಡುಕಲು. ಫೈಲ್ ಹೆಸರಲ್ಲಿ ಅಂಕೆ ಮಾತ್ರ. 01-014-2 ಅಂದ್ರೆ ಮೊದಲನೇ ಮನೆ, ಹದಿನಾಲ್ಕನೇ ಫೋಟೋ, ಬೆನ್ನು. ದನಿಯ ಫೈಲಿಗೂ ಅದೇ ಸಂಖ್ಯೆ, ಕೊನೆಗೆ 3.

ಇನ್ನೊಂದು ಮಾತು ಒಪ್ಪಿಗೆಯದು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಬೇರೆ ಕರಾರು ಇಲ್ಲದಿದ್ರೆ, ಹಣ ಕೊಟ್ಟು ಫೋಟೋ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಕಾನೂನಿಗೆ ಅಷ್ಟು ಸಾಕು, ನಮಗೆ ಸಾಲದು. ತೆಗೆಸಿದವನು ಗಂಡ, ಫೋಟೋದಲ್ಲಿರೋಳು ಹೆಂಡ್ತಿ. ಆಕೆಯನ್ನ ಕೇಳಿದ್ದು ಯಾರು? ಹೆಣವನ್ನ ಕೂರಿಸಿ ತೆಗೆಸಿದ ಫೋಟೋಗಳಿವೆ. ಅವನ್ನ ಎಲ್ಲರೂ ನೋಡೋ ಹಾಗೆ ಹಾಕಬಹುದಾ? ನಾನು ಪ್ರತಿ ಫೋಟೋಗೂ ಮನೆಯವರನ್ನ ಕೇಳಿ ಮೂರರಲ್ಲಿ ಒಂದು ಗುರುತು ಹಾಕ್ತೀನಿ: ಮನೆಗೆ ಮಾತ್ರ, ಸಂಶೋಧನೆಗೆ, ಎಲ್ಲರಿಗೂ. ಮನೆಗೆ ಒಂದು ಪೂರ್ತಿ ಪ್ರತಿ ಕೊಡದೆ ಹೊರಡೋದಿಲ್ಲ.

ಈ ಸಂಗ್ರಹದ ಮಿತಿಯನ್ನೂ ಹೇಳ್ಬೇಕು. ಸ್ಟುಡಿಯೋಗೆ ಹೋಗೋಕೆ ದುಡ್ಡು ಬೇಕಿತ್ತು, ಕಟ್ಟು ನೇತುಹಾಕೋಕೆ ಗಟ್ಟಿ ಗೋಡೆ ಬೇಕಿತ್ತು. ಕೂಲಿ ಮಾಡಿ ಬದುಕಿದ ಎಷ್ಟೋ ಮನೆಗಳಲ್ಲಿ ಹಿರಿಯರ ಮೊದಲ ಫೋಟೋ ಅಂದ್ರೆ 1993ರ ಆಚೆಗೆ ಬಂದ ಮತದಾರರ ಗುರುತಿನ ಚೀಟಿಯದು. ಅದನ್ನೂ ಅಷ್ಟೇ ಎಚ್ಚರದಿಂದ ತೆಗೀಬೇಕು. ಫೋಟೋನೇ ಇಲ್ಲದ ಮನೆಯಲ್ಲಿ ದನಿ ಮಾತ್ರ ದಾಖಲಿಸ್ಬೇಕು.

ಚರ್ಚೆಯಿಂದ

ಪ್ರಶ್ನೆ: ಇಷ್ಟೆಲ್ಲ ಯಾಕೆ, ಮೊಬೈಲ್ ಸಾಲದಾ?

ಉತ್ತರ: ಏನೂ ಇಲ್ಲದೆ ಇರೋದಕ್ಕಿಂತ ಮೊಬೈಲ್ ಖಂಡಿತ ವಾಸಿ. ಅದು ತಾನೇ ಬಣ್ಣ ತಿದ್ದತ್ತೆ, ಅಂಚು ಹರಿತ ಮಾಡತ್ತೆ, ಹಾಗಾಗಿ ಮೂಲ ಪ್ರತಿಗೆ ಕ್ಯಾಮೆರಾ ಮೇಲು. ಆದ್ರೆ ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಇದ್ದಾರೆ ಅಂದ್ರೆ ಕ್ಯಾಮೆರಾಗೆ ಕಾಯಬೇಡಿ. ಫೋಟೋ ಈ ಬೇಸಿಗೆವರೆಗೂ ಕಾಯತ್ತೆ. ಇವತ್ತು ರಾತ್ರಿ ಮೊಬೈಲಲ್ಲಿ ಅವರ ದನಿ ಹಿಡೀರಿ. ಬಲಗಡೆಯಿಂದ ಮೊದಲನೇವ್ರು ಯಾರು ಅಂತ ಕೇಳಿ.

ಪ್ರಶ್ನೆ: ಭಾಷೆ ಕಲಂ ಎದುರು ಕೊನೆಗೆ ಏನು ಬರೆದ್ರಿ?

ಉತ್ತರ: ಆ ಕಲಂನ ಎರಡು ಮಾಡಿದೆ. ಮನೆಮಾತು ಕನ್ನಡ, ಬರಹ ತಮಿಳು. ಕೆಲವು ಮನೆಗಳಿಗೆ ಮೂರನೇ ಸಾಲೂ ಬೇಕಾಯ್ತು.