ಪಿಂಕ್ ಫ್ಲಾಯ್ಡ್: ಹೆಸರು ಯಾರ ಸೊತ್ತು?

1986ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಗಾಯಕ ರೋಜರ್ ವಾಟರ್ಸ್ ಲಂಡನ್ನಿನ ಹೈಕೋರ್ಟ್ ಮೆಟ್ಟಿಲೇರಿದರು. 'ಪಿಂಕ್ ಫ್ಲಾಯ್ಡ್' ಎಂಬ ಹೆಸರನ್ನು ಇನ್ನು ಯಾರೂ ಬಳಸಕೂಡದು ಎಂಬುದು ಅವರ ಬೇಡಿಕೆ. ಆ ರಾಕ್ ತಂಡವನ್ನು ಅವರು 1985ರಲ್ಲೇ ತೊರೆದಿದ್ದರು. ತಾವಿಲ್ಲದ ತಂಡ ಸತ್ತಂತೆಯೇ ಎಂದು ಅವರ ವಾದ. ಗಿಟಾರ್ ವಾದಕ ಡೇವಿಡ್ ಗಿಲ್ಮರ್ ಹಾಗೂ ಡ್ರಮ್ ವಾದಕ ನಿಕ್ ಮೇಸನ್ ಅದೇ ಹೆಸರಿನಲ್ಲಿ ಹೊಸ ಆಲ್ಬಂ ತರಲು ಹೊರಟಿದ್ದರು.

ಹಾಡಿನ ಹಕ್ಕು ಬೇರೆ, ಹೆಸರಿನ ಹಕ್ಕು ಬೇರೆ. ಹಾಡಿಗೆ ಕೃತಿಸ್ವಾಮ್ಯವಿದೆ, ಬರೆದವರು ಯಾರೆಂಬುದು ತಕರಾರಿಲ್ಲದ ಸಂಗತಿ. ತಂಡದ ಹೆಸರಾದರೋ ಟ್ರೇಡ್‌ಮಾರ್ಕಿನ ಜಾತಿಗೆ ಸೇರಿದ್ದು. ಸರಕು ಯಾರ ಅಂಗಡಿಯದೆಂದು ಗಿರಾಕಿಗೆ ತಿಳಿಸುವುದು ಅದರ ಕೆಲಸ. ಪಿಂಕ್ ಫ್ಲಾಯ್ಡ್ ವಿಷಯದಲ್ಲಿ ಈ ಹೆಸರಿಗೆ ಇನ್ನೂ ಹೆಚ್ಚಿನ ಬೆಲೆ. ಕೋಟಿಗಟ್ಟಲೆ ಮಾರಾಟವಾದ 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ಮಿನ ಮುಖಪುಟದಲ್ಲಿ ವಾದಕರ ಚಿತ್ರವೇ ಇರಲಿಲ್ಲ. ಜನರಿಗೆ ಗೊತ್ತಿದ್ದದ್ದು ಹೆಸರು, ಮುಖಗಳಲ್ಲ.

ತಮಾಷೆಯೆಂದರೆ, ಆ ಹೆಸರನ್ನು ಇಟ್ಟವರು ಈ ಮೂವರಲ್ಲಿ ಯಾರೂ ಅಲ್ಲ. ಪಿಂಕ್ ಆ್ಯಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಅಮೆರಿಕದ ಇಬ್ಬರು ಬ್ಲೂಸ್ ಗಾಯಕರ ಹೆಸರುಗಳನ್ನು ಜೋಡಿಸಿ 1965ರಲ್ಲಿ ಅದನ್ನು ಹೊಸೆದದ್ದು ಸಿಡ್ ಬ್ಯಾರೆಟ್. ಅವರು 1968ರಲ್ಲೇ ತಂಡದಿಂದ ಹೊರಬಿದ್ದಿದ್ದರು.

ಧ್ವನಿಮುದ್ರಣ ಥೇಮ್ಸ್ ನದಿಯಲ್ಲಿ ಗಿಲ್ಮರ್ ಅವರ ದೋಣಿಮನೆಯಲ್ಲಿ ಆರಂಭವಾಯಿತು. ಆದರೆ ವಕೀಲರ ದೂರವಾಣಿ ಕರೆಗಳ ಕಾಟ. ಕೊನೆಗೆ ಕೆಲಸ ಲಾಸ್ ಏಂಜಲೀಸಿಗೆ ಹೋಯಿತು. ಅಲ್ಲಿ ಹಗಲಾದಾಗ ಲಂಡನ್ನಿನ ವಕೀಲರಿಗೆ ನಿದ್ದೆಯ ಹೊತ್ತು! ಆ ಹೆಸರಿನಲ್ಲಿ ಕಚೇರಿ ಏರ್ಪಡಿಸಿದರೆ ದಾವೆ ಹೂಡುವುದಾಗಿ ವಾಟರ್ಸ್ ಅಮೆರಿಕದ ಸಂಘಟಕರನ್ನು ಎಚ್ಚರಿಸಿದರು. ಪ್ರವಾಸದ ಆರಂಭದ ಖರ್ಚಿಗೆ ಮೇಸನ್ ತಮ್ಮ 1962ರ ಫೆರಾರಿ ಕಾರನ್ನು ಒತ್ತೆಯಿಡಬೇಕಾಯಿತು. ವಾಟರ್ಸ್ ಕಾಲದ ವೇದಿಕೆಯ ಗಾಳಿಹಂದಿಯ ಮೇಲೂ ಜಗಳ ನಡೆದು, ಅದು ಬೇರೆ ಹಂದಿಯೆಂದು ತೋರಿಸಲು ವೃಷಣಗಳನ್ನು ಅಂಟಿಸಿ ಗಂಡಾಗಿಸಿದರು.

'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' 1987ರ ಸೆಪ್ಟೆಂಬರ್‌ನಲ್ಲಿ ಹೊರಬಂದಾಗಲೂ ವ್ಯಾಜ್ಯ ಮುಗಿದಿರಲಿಲ್ಲ. ಬ್ರಿಟನ್, ಅಮೆರಿಕ ಎರಡರಲ್ಲೂ ಅದು ಮೂರನೆಯ ಸ್ಥಾನಕ್ಕೇರಿತು. ಕೇಳುಗರು ಹೆಸರನ್ನೇ ನಂಬಿದ್ದರು. ಡಿಸೆಂಬರ್ ಕೊನೆಗೆ ಅದೇ ದೋಣಿಮನೆಯಲ್ಲಿ ರಾಜಿಯಾಯಿತು: ಹೆಸರು ಗಿಲ್ಮರ್, ಮೇಸನ್ ಪಾಲಿಗೆ, 'ದಿ ವಾಲ್' ಕಥಾನಕದ ಹಕ್ಕು ವಾಟರ್ಸ್ ಪಾಲಿಗೆ.

ಹಾಡುವ ಹಕ್ಕನ್ನಂತೂ ಯಾರೂ ಕಿತ್ತುಕೊಂಡಿರಲಿಲ್ಲ. 2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಚೇರಿ ನಡೆಸಿದ್ದು ತಮ್ಮದೇ ಹೆಸರಿನಲ್ಲಿ. ಹಾಡಿದ್ದರಲ್ಲಿ ಹೆಚ್ಚಿನವು ಪಿಂಕ್ ಫ್ಲಾಯ್ಡ್ ಕಾಲದವು. ದಾವೆ ಹೂಡಿದ್ದು ತಪ್ಪೆಂದು ಅವರು ಬಿಬಿಸಿಗೆ ಹೇಳಿದ್ದು 2013ರಲ್ಲಿ.